ನಗುವಿನ ಮಟ್ಟ

2024ರ ಮಾರ್ಚ್ 14, ಗುರುವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ತಮ್ಮನ ಸ್ಟ್ಯಾಂಡಪ್ ಕಾರ್ಯಕ್ರಮ ನನ್ನ ಕಂಪ್ಯೂಟರಿಗೆ ಬಂತು. ಮುಂದಿನ ವಾರ ಅದು ತೆರೆಗೆ ಬರಬೇಕಿತ್ತು. ದೃಶ್ಯಗಳ ಜೋಡಣೆ ಮುಗಿದಿತ್ತು. ಇನ್ನು ಒಂದು ಕ್ಷಣವನ್ನೂ ಕತ್ತರಿಸುವಂತಿರಲಿಲ್ಲ. ನನ್ನದು ಧ್ವನಿಯ ಕೆಲಸ. ಅವನ ಮೈಕಿನ ಮಾತು ಒಂದು ಕಡೆ, ಸಭಾಂಗಣದ ನಗು ಇನ್ನೊಂದು ಕಡೆ. ಎರಡನ್ನೂ ಹದವಾಗಿ ಬೆರೆಸಬೇಕು.

ಮಂತ್ರಿಗಳನ್ನು, ದೇವರನ್ನು, ಸ್ವಂತ ಬೋಳುತಲೆಯನ್ನು ಹರಾಜಿಗಿಟ್ಟ ಮೇಲೆ ಅವನು ಅಪ್ಪನ ಸುದ್ದಿಗೆ ಬಂದ.

"ಗಂಟ್ಲು ಆಪರೇಶನ್ ಆದ್ಮೇಲೆ ನಮ್ಮಪ್ಪ ಕುತ್ತಿಗೆಗೆ ಮಷೀನ್ ಒತ್ಕೊಂಡು ಮಾತಾಡ್ತಾರೆ. ಬೆಳಿಗ್ಗೆ ಬೆಳಿಗ್ಗೆ ಯಾರಪ್ಪಾ ಮಿಕ್ಸರ್ ಹಾಕಿದ್ದು ಅಂತ ಎದ್ದು ನೋಡಿದ್ರೆ, ಕಾಫಿ ಆಯ್ತಾ ಅಂತ ಕೇಳ್ತಿದಾರೆ!"

ನನಗೂ ನಗು ಬಂತು. ಆಮೇಲೆ ಅವನು ಜೇಬಿನಿಂದ ಫೋನ್ ತೆಗೆದು ಮೈಕಿಗೆ ಹಿಡಿದ.

"ಲೇ, ಈ ದನಿ ಗುರ್ತು ಸಿಗುತ್ತೇನೇ ನಿಂಗೆ?"

ಅದು ಅಪ್ಪನ ದನಿ. ಯಂತ್ರ ಬಂದ ಮೊದಲ ದಿನ, ಮಾತು ಕಲಿಸುವ ಚಿಕಿತ್ಸಕಿಗೆ ಕೇಳಿಸಲೆಂದು ಅಪ್ಪನ ಅಭ್ಯಾಸವನ್ನು ರೆಕಾರ್ಡ್ ಮಾಡುತ್ತಿದ್ದೆ. ನಾನು ನೀರು ತರಲು ಒಳಗೆ ಹೋದಾಗ, ಹಿಂದಿನ ವರ್ಷ ತೀರಿಕೊಂಡ ಅಮ್ಮನನ್ನು ಅವರು ಹಾಗೆ ಕೇಳಿದ್ದರು. ಊರೂರು ಸುತ್ತುತ್ತಿದ್ದ ತಮ್ಮ, ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಿದ್ದ, "ಅಕ್ಕಾ, ಅಪ್ಪನ ದನಿ ಒಂದ್ಸಲ ಕೇಳಿಸೇ" ಅಂತ. ಕಳಿಸಿದ್ದೆ.

ಯಂತ್ರ ಗುಂಯ್‌ಗುಟ್ಟಿದೊಡನೆ ಸಭಾಂಗಣದಲ್ಲಿ ನಗು ಎದ್ದಿತ್ತು. ಆದರೂ ಅಪ್ಪನ ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಅಮ್ಮನ ಹಾಗೆ ರಾಗ ಎಳೆದು, ಸ್ವರ್ಗದಿಂದೆಂಬಂತೆ ತಮ್ಮ ಉತ್ತರ ಕೊಟ್ಟ: "ರಾಂಗ್ ನಂಬರ್ರೀ!"

ಅವನಿಗೆ ಫೋನ್ ಮಾಡಿದೆ.

"ಅತ್ತು ಇಸ್ಕೊಂಡಿದ್ದು ಇದಕ್ಕೇನೋ?"

"ಆಗ ನಿಜವಾಗ್ಲೂ ಅತ್ತಿದ್ದೆ ಅಕ್ಕಾ. ಐಡಿಯಾ ಆಮೇಲೆ ಬಂತು. ಅಪ್ಪನ್ನ ಕೇಳಿದೀನಿ, ಹೂಂ ಅಂದಿದಾರೆ. ಅವರ ದನಿ ಮಾತ್ರ ತಗ್ಗಿಸ್ಬೇಡ ಕಣೇ, ಜೋಕ್ ಇರೋದೇ ಅಲ್ಲಿ."

ಮಧ್ಯಾಹ್ನ ಮನೆಗೆ ಹೋದೆ. ಅಪ್ಪ ಶರ್ಟು ಇಸ್ತ್ರಿ ಮಾಡುತ್ತಿದ್ದರು. ಮಾತಾಡಬೇಕೆಂದರೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಯಂತ್ರ ಎತ್ತಿ ಕುತ್ತಿಗೆಗೆ ಒತ್ತಿಕೊಳ್ಳಬೇಕು.

"ಮಷೀನ್ ಮೇಲೆ ಜೋಕ್ ಮಾಡ್ಲಾ ಅಂದ. ಮಾಡ್ಕೊಳ್ಳೋ ಅಂದೆ. ನಂಗೇ ನಗು ಬರುತ್ತೆ, ಇನ್ನು ಜನಕ್ಕೆ ಬರಲ್ವಾ?"

"ರೆಕಾರ್ಡಿಂಗ್ ಹಾಕ್ತೀನಿ ಅಂದ್ನಾ?"

"ಯಾವ್ದು?"

"ಮೊದಲ ದಿನದ್ದು. ಅಮ್ಮನ್ನ ಕೇಳಿದ್ರಲ್ಲ."

ಅಪ್ಪ ಯಂತ್ರ ಕೆಳಗಿಟ್ಟು ಒಂದು ತೋಳನ್ನು ಪೂರ್ತಿ ಇಸ್ತ್ರಿ ಮಾಡಿದರು. ಮತ್ತೆ ಯಂತ್ರ ಎತ್ತಿಕೊಂಡರು.

"ಅದು ನಿನ್ನ ಹತ್ರ ಇತ್ತಲ್ಲಮ್ಮ."

ಆ ಯಂತ್ರದ ದನಿಗೆ ಏರಿಳಿತವಿಲ್ಲ. ಸಿಟ್ಟೋ ಸಂಕಟವೋ ತಿಳಿಯಬೇಕಾದರೆ ಮುಖ ನೋಡಬೇಕು. ನಾನು ನೋಡಲಿಲ್ಲ.

"ತೆಗೆಯೋಕಾಗಲ್ವಾ?"

"ಕತ್ತರಿಸೋ ಹಾಗಿಲ್ಲಪ್ಪ. ನಿಮ್ಮ ದನಿ ತಗ್ಗಿಸಿದ್ರೂ ಅವನು ಹಿಡಿದುಬಿಡ್ತಾನೆ."

"ಜನರ ನಗು?"

"ನಗು ಜಾಸ್ತಿ ಆಯ್ತು ಅಂತ ಇದುವರೆಗೆ ಯಾರೂ ದೂರಿಲ್ಲ."

"ಹಾಗಾದ್ರೆ ಚೆನ್ನಾಗಿ ನಗಿಸು. ನಾನು ನಿಮ್ಮಮ್ಮನ್ನ ಕೇಳಿದ್ದು ಯಾರ ಕಿವಿಗೂ ಬೀಳ್ಬಾರ್ದು." ಯಂತ್ರವನ್ನು ಮತ್ತೆ ಕುತ್ತಿಗೆಗೆ ಒತ್ತಿದರು. "ಅವನ ಹತ್ರ ವಾದಕ್ಕೆ ಹೋಗ್ಬೇಡ. ನಮ್ಮಿಬ್ರನ್ನೂ ನಗಿಸಿ ಕಳಿಸ್ತಾನೆ."

ಸಂಜೆ ತಮ್ಮ ನನ್ನ ಸ್ಟುಡಿಯೋಗೆ ಬಂದು, ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದ. ಅಪ್ಪನ ಭಾಗ ಬಂದಾಗ ನಾನು ಅವನನ್ನೇ ನೋಡುತ್ತಿದ್ದೆ. ಆ ಮಾತು ಅವನಿಗೆ ಬಾಯಿಪಾಠ; ತುಟಿ ಅಲ್ಲಾಡಿತು. ಅದು ನಗುವಿನಡಿ ಮುಳುಗಿಹೋಗಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

"ಅಬ್ಬಾ, ಜನ ಇಷ್ಟು ನಕ್ಕಿದ್ರಾ ಅಕ್ಕಾ?" ಎಂದ, ಮುಖ ಅರಳಿಸಿ.

"ಹೂಂ" ಎಂದೆ.

ನಗುವನ್ನು ಒಂಬತ್ತು ಡೆಸಿಬೆಲ್ ಏರಿಸಿದ್ದೆ.