ತಮ್ಮ ಕಲಿಸಿದ ಸಹಿ

ನಮ್ಮ ಮನೆಯಲ್ಲಿ ನನ್ನ ಬಟ್ಟೆ ಕತ್ತರಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಕಾಗದ ಕತ್ತರಿಸಿದರೆ ಹರಿತ ಹಾಳಾಗುತ್ತದೆಂದು ರಂಪ ಮಾಡುತ್ತಿದ್ದೆ. ಇದೊಂದು ಬಿಟ್ಟರೆ ಅಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಮದುವೆಯಾಗದೆ ಉಳಿದ ಅಕ್ಕ ನಾನು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಒಳಗೆ ಅಮ್ಮ, ತಮ್ಮ, ತಮ್ಮನ ಹೆಂಡತಿ. ಊಟಕ್ಕೆ ಕರೆಯುವವರಿದ್ದರು, ಮಾತಿಗೆ ಕರೆಯುವವರಿರಲಿಲ್ಲ.

ನನಗೆ ಅಕ್ಷರ ಬಂದದ್ದೇ ತಡವಾಗಿ. ಮೊದಲು ಕಲಿತದ್ದು ಸಹಿ, ಕಲಿಸಿದವನು ತಮ್ಮ. ಕತ್ತರಿಸುವ ಮೇಜಿನ ಮೇಲೆ ಹಳೆಯ ಅಸ್ತರು ಹರಡಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದು, ಕೈ ಹಿಡಿದು ತಿದ್ದಿಸಿದ. ಎರಡನೆಯ ಅಕ್ಷರವಾದ ಮೇಲೆ ನಾನು ಕೈ ಎತ್ತಿ, ಸರಿ ಬಂತೇ ಎಂದು ನೋಡಿ ಮುಂದುವರಿಯುತ್ತಿದ್ದೆ. ಅಲ್ಲೊಂದು ಸಂದು ಬೀಳುತ್ತಿತ್ತು.

"ಮಧ್ಯೆ ಕೈ ಎತ್ತಬೇಡ ಅಕ್ಕಾ, ಎಷ್ಟು ಸಲ ಹೇಳಲಿ!"

"ಅಷ್ಟು ಚೆನ್ನಾಗಿ ಬೇಕಿದ್ರೆ ನೀನೇ ಹಾಕ್ಕೊಳೋ ನನ್ನ ಸಹಿನ" ಎಂದು ನಕ್ಕಿದ್ದೆ.

ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲಾಗದೆ ಹೋದಾಗ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಚೆಕ್ ಕೊಟ್ಟೆ. ಅದು ವಾಪಸ್ ಬಂತು. ಖಾತೆಯಲ್ಲಿ ಹಣವಿಲ್ಲವಂತೆ! ಬ್ಯಾಂಕಿಗೆ ಓಡಿದರೆ, ಸಹಿ ತಾಳೆ ನೋಡುವ ಮೇಡಂ ನನ್ನ ಪುಸ್ತಕದ್ದೇ ಇನ್ನೊಂದು ಚೆಕ್ಕನ್ನು ಮುಂದಿಟ್ಟರು. ನಾನು ವರ್ಷಗಟ್ಟಲೆ ಕಾಜಾ ಹೊಲಿದು ಕೂಡಿಟ್ಟದ್ದೆಲ್ಲ ಹಿಂದಿನ ತಿಂಗಳೇ ಅದರಲ್ಲಿ ಹೋಗಿತ್ತು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದೆ. ಎಷ್ಟು ಚಂದದ ಸಹಿ! ಎಲ್ಲೂ ಸಂದಿಲ್ಲ. ಕದಿಯುವಾಗಲೂ ನನ್ನ ತಪ್ಪನ್ನು ತಿದ್ದಿಯೇ ಬರೆದಿದ್ದ.

"ನಿಮ್ಮದಲ್ಲ ಅಂದ್ರೆ ಬರೆದುಕೊಡಿ" ಎಂದರು ಮೇಡಂ. "ಪೊಲೀಸಿಗೆ ದೂರು ಹೋಗುತ್ತೆ, ನಮ್ಮ ಕಡೆ ತಪ್ಪಿದ್ರೆ ಅದನ್ನೂ ವಿಚಾರಿಸ್ತಾರೆ. ನಿಮ್ಮದೇ ಅಂದ್ರೆ ಹೋದ ದುಡ್ಡು ಹೋಯ್ತು. ನಾಳೆ ಬನ್ನಿ."

ಮನೆಯಲ್ಲಿ ತಮ್ಮ ನನ್ನ ಮುಖ ನೋಡಲಿಲ್ಲ. "ವ್ಯಾಪಾರ ಕೈಕೊಡ್ತು ಅಕ್ಕ. ದುಡ್ಡು ವಾಪಸ್ ತುಂಬಿಬಿಡ್ತಿದ್ದೆ. ಕೇಳಿದ್ರೆ ನೀನು ಕೊಡ್ತಿರಲಿಲ್ವಾ?"

"ಕೇಳಬೇಕಿತ್ತು ಕಣೋ."

ಅಮ್ಮ ನಡುವೆ ಬಾಯಿ ಹಾಕಿದಳು. "ನಿಮ್ಮಪ್ಪ ನನ್ನ ಸಹಿ ಹಾಕಿ ದುಡ್ಡು ತೆಗೆದಾಗ ಬ್ಯಾಂಕಿನೋರು ನನ್ನನ್ನೂ ಕೇಳಿದ್ರು. ನಂದೇ ಅಂದೆ. ನಿಮ್ಮಜ್ಜಿನೂ ಹಾಗೇ ಅಂದೋಳು. ಈ ಮನೆ ಹೆಂಗಸರು ಅಲ್ಲ ಅಂದೋರೇ ಅಲ್ಲ."

"ನಂದೇ ಅಂದ ಮೇಲೆ ಅಪ್ಪ ಆ ಚಾಳಿ ಬಿಟ್ರಾ ಅಮ್ಮ?"

ಅಮ್ಮ ಸೆರಗು ಸರಿಮಾಡಿಕೊಂಡಳು. ಅಪ್ಪ ಬಿಟ್ಟಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. "ನಿನ್ನ ಕಣ್ಣು ಇನ್ನೊಂದು ವರ್ಷ ತಡೆಯುತ್ತೆ. ಇವನು ಒಳಗೆ ಹೋದ್ರೆ ಮಾನ ವಾಪಸ್ ಬರುತ್ತಾ?"

"ಅಪ್ಪನ್ನ ನೋಡೇ ಇವನು ಕಲಿತದ್ದು. ನೀನು ನಂದೇ ಅಂದಿದ್ದನ್ನ ಕೇಳಿ ಧೈರ್ಯ ಬಂದಿದ್ದು. ನಾನೂ ಹಾಗೇ ಅಂದ್ರೆ ನಾಳೆ ಇನ್ಯಾರ ಸಹಿ ಹಾಕ್ತಾನೋ!"

ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಮರುದಿನ ಬ್ಯಾಂಕಿಗೆ ಒಬ್ಬಳೇ ಹೋದೆ. 'ಆ ಸಹಿ ನನ್ನದಲ್ಲ' ಎಂದು ಸ್ವಂತ ಕೈಯಿಂದ ಬರೆದು ಕೆಳಗೆ ಸಹಿ ಹಾಕಿದೆ. ಎರಡನೆಯ ಅಕ್ಷರವಾದ ಮೇಲೆ ಕೈ ತಾನಾಗಿಯೇ ಎದ್ದಿತು. ಬೈಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು.

ಪೊಲೀಸರು ಅವನನ್ನು ಕರೆದೊಯ್ದ ದಿನ ಅಮ್ಮ ನನ್ನ ಯಂತ್ರವನ್ನು ಬೀದಿಗೆ ತಳ್ಳಿಸಿದಳು. ಗುಂಡಿ ಮಾರುವ ಅಂಗಡಿಯ ಮೇಲೊಂದು ಕೋಣೆ ಹಿಡಿದೆ. ನೆಂಟರು ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದರು. ಒಬ್ಬಳಿಗೆ ಎಷ್ಟು ಅಡುಗೆ ಸಾಕೆಂದು ತಿಳಿಯದೆ ದಿನವೂ ಮಿಕ್ಕುತ್ತಿತ್ತು. ಬ್ಯಾಂಕಿನ ವಿಚಾರಣೆ ಮುಗಿದಿರಲಿಲ್ಲ, ಕಣ್ಣು ಮಂಜಾಗುತ್ತಲೇ ಇತ್ತು. ಬಂದ ಗಿರಾಕಿಗಳಿಂದ ಹತ್ತು ಸೂಜಿಗೆ ದಾರ ಹಾಕಿಸಿಟ್ಟುಕೊಂಡು ದಿನ ದೂಡುತ್ತಿದ್ದೆ. ತಪ್ಪು ಮಾಡಿದವನ ಮನೆಗೆ ಸಮಾಧಾನ ಹೇಳಲು ಜನ ಸಾಲುಗಟ್ಟಿದರು. ನನ್ನ ಮೆಟ್ಟಿಲು ಯಾರೂ ಹತ್ತಲಿಲ್ಲ. ಇದನ್ನು ಓದುವ ಅಕ್ಕತಂಗಿಯರೇ, ಅಲ್ಲ ಅನ್ನುವವಳಿಗೆ ಇಂಥ ದಿನಗಳು ಬರುತ್ತವೆ, ಮುಚ್ಚಿಟ್ಟು ಹೇಳಲಾರೆ.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಗಿರಾಕಿಯೆಂದು ಸೂಜಿ ಡಬ್ಬಿ ಎತ್ತಿಕೊಂಡೆ. ತಮ್ಮನ ಹೆಂಡತಿ ನಿಂತಿದ್ದಳು. ಸೆರಗಿನೊಳಗಿನಿಂದ ತನ್ನ ಚೆಕ್ ಪುಸ್ತಕ ತೆಗೆದಳು.

"ಅತ್ತಿಗೆ, ನಿಮ್ಮ ತಮ್ಮ ಎಲ್ಲಾ ಹಾಳೆಗೂ ಮೊದಲೇ ನನ್ನ ಸಹಿ ಹಾಕಿಸ್ಕೊಂಡಿದ್ದಾರೆ. ನಾಳೆ ಜಾಮೀನಿನ ಮೇಲೆ ಬರ್ತಾರಂತೆ. ಅತ್ತೆ ಸುಮ್ಮನಿರು ಅಂತಾರೆ. ನನಗೆ ಭಯ."

ನಾನು ಮೇಜಿನ ಮೇಲಿದ್ದ ಕತ್ತರಿಯನ್ನು ಅವಳ ಕೈಗಿಟ್ಟೆ. "ಸಹಿ ಇರೋ ಕಡೆ ಕತ್ತರಿಸು. ಆಮೇಲೆ ಬ್ಯಾಂಕಿಗೆ ಇಬ್ಬರೂ ಹೋಗೋಣ."

ಅವಳು ಹಿಂಜರಿದಳು. "ಕಾಗದಕ್ಕೆ ಹಾಕಿದ್ರೆ ಹಾಳಾಗುತ್ತಲ್ಲ ಅತ್ತಿಗೆ?"

"ಹಾಳಾಗಲಿ, ಸಾಣೆ ಹಿಡಿಸಿದ್ರಾಯ್ತು" ಎಂದೆ.

ಅವಳು ಮೊದಲ ಹಾಳೆ ಕತ್ತರಿಸಿದಳು.