ಮೂರು ಹಿಡಿ ಹೆಚ್ಚು

"ನಿನ್ ಮೂಗೇನು ಸತ್ತೋಗಿದ್ಯೇನೇ ಮುಂಡೆ! ಒಳಗ್ ಕಾಲಿಟ್ರೆ ಕಣ್ಣುಗುಡ್ಡೆ ಕಿತ್ಕೊಂಡ್ ಬರ್ತಿದೆ. ನಾಳೆ ಬರೋ ಜನ ಕಕ್ಕಸಿಗ್ ಬರ್ತಾರೋ ಸುಡುಗಾಡಿಗ್ ಬರ್ತಾರೋ?"

ಮ್ಯಾನೇಜರು ಮಾಸ್ಕಿನ ಮೇಲೆ ಕರವಸ್ತ್ರ ಒತ್ತಿಕೊಂಡು ಬಾಗಿಲಾಚೆ ನಿಂತಿದ್ದ. ಒಳಗೆ ಬಕೆಟ್ಟಮ್ಮ ಮೊಣಕಾಲೂರಿ ಮೂಲೆ ಉಜ್ಜುತ್ತಿದ್ದಳು. ಎರಡು ದಿನದಿಂದ ಅವಳ ಮೈ ಒಲೆಯ ಮೇಲಿಟ್ಟ ಹಂಚಿನಂತೆ ಕಾದಿತ್ತು. ಕಣ್ಣುರಿಯೂ ಅದರದೇ ಎಂದುಕೊಂಡಿದ್ದಳು.

"ಬ್ಲೀಚಿಂಗ್ ಪುಡಿ ಸತ್ತಿದೆ ಸಾರ್," ಎಂದಳು ತಲೆಯೆತ್ತದೆ. "ನಾಕ್ ತಿಂಗಳು ಗೋಡೌನಲ್ಲಿ ಬಿದ್ದಿತ್ತಲ್ಲ, ವಾಸ್ನೇನೇ ಇಲ್ಲ. ಅದಕ್ಕೇ ಮೂರ್ ಹಿಡಿ ಜಾಸ್ತಿ ಹಾಕ್ದೆ."

"ಹಿಡೀಲಿ ಹಾಕೋಕೆ ಅದೇನ್ ನಿಮ್ಮನೆ ಹಿಟ್ಟಾ? ಗೋಡೆ ಮೇಲೆ ಅಳತೆ ಬರೆಸಿ ಅಂಟಿಸಿಲ್ವಾ?"

"ಅಂಟಿಸಿದೀರಿ. ಅದನ್ನ ಓದೋಕ್ ಬಂದಿದ್ರೆ ನಾನ್ಯಾಕ್ ಸಾರ್ ಈ ಬಾಗಿಲೊಳಗ್ ಇರ್ತಿದ್ದೆ?"

"ಬಾಯಿಗೇನು ಕಮ್ಮಿ ಇಲ್ಲ. ಕಲಸಿದ್ ನೀರನ್ನ ಚೆಲ್ಬೇಡ, ಪುಡಿ ನಿಮ್ಮಪ್ಪ ತಂದ್ಕೊಡಲ್ಲ. ಬೆನ್ನಿಗ್ ಹಾಕೋ ಸ್ಪ್ರೇ ಡಬ್ಬಿಗೆ ತುಂಬಿಡು, ಟೆಂಟಿನ ಸುತ್ತ ಹೊಡೆಯೋಕಾಗತ್ತೆ. ಕಕ್ಕಸಿಗೆ ಬೇರೆ ಕಲಸು."

ಅವಳು ಡಬ್ಬಿಗೆ ತುಂಬಿಟ್ಟಳು. ಹದಿನೆಂಟು ವರ್ಷದಿಂದ ಅವಳ ಅಳತೆ ಮೂಗೇ. ಬಕೆಟ್ಟಿನ ಮೇಲೆ ಬಗ್ಗಿದರೆ ಸಾಕು, ಹೆಚ್ಚೋ ಕಮ್ಮಿಯೋ ತಿಳಿಯುತ್ತಿತ್ತು. ಹೋದ ವರ್ಷ ಇದೇ ಮ್ಯಾನೇಜರು ಬ್ಲೀಚಿಂಗ್ ಪುಡಿಗೆ ಅರ್ಧಕ್ಕರ್ಧ ಸುಣ್ಣ ಬೆರೆಸಿದ್ದನ್ನು ಹಿಡಿದದ್ದೂ ಆ ಮೂಗೇ. ಕಳ್ಳನ ಬುದ್ಧಿ ಎಲ್ಲಿಗೆ ಹೋದೀತು, ಈ ಸಲವೂ ಅದೇ ಕತೆ ಎಂದು ಮನಸ್ಸಿನಲ್ಲೇ ಬೈದುಕೊಂಡಳು.

ಕೆರೆಯ ದಂಡೆಯ ಆ ಪ್ರವಾಸಿ ಕ್ಯಾಂಪಿನಲ್ಲಿ ಇಪ್ಪತ್ತು ಟೆಂಟು, ಎಂಟು ಕಕ್ಕಸು, ಒಂದು ಅಡುಗೆಮನೆ. ರೋಗ ಬಂದು ಊರೆಲ್ಲ ಬಾಗಿಲು ಹಾಕಿದಾಗ ಕೆಲಸದವರನ್ನೆಲ್ಲ ಮನೆಗೆ ಕಳಿಸಿ ಇವಳೊಬ್ಬಳನ್ನು ಕಾವಲಿಗೆಂದು ಉಳಿಸಿಕೊಂಡಿದ್ದರು. ಮಗಳಿದ್ದದ್ದು ಪೇಟೆಯ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ. ಹೊರಗಿನವರು ಯಾರು ಬಂದರೂ ಜಾಗ ಖಾಲಿ ಮಾಡಿಸುತ್ತೇನೆ ಎಂದು ಮನೆಯ ಯಜಮಾನ ಹೇಳಿದ್ದ. ತಾಯಿಯೂ ಹೊರಗಿನವಳೇ ಆದಳು. ನಾಲ್ಕು ತಿಂಗಳು ಬಕೆಟ್ಟಮ್ಮ ನಲ್ಲಿಗಳ ಜೊತೆ ಮಾತಾಡಿದಳು. ಸೋರುವ ನಲ್ಲಿಗೆ ಬೈದಳು, ಸೋರದ್ದಕ್ಕೆ ಭೇಷ್ ಎಂದಳು. ಟೆಂಟುಗಳಿಗೆ ಬೂಷ್ಟು ಹಿಡಿಯದಿರಲೆಂದು ದಿನವೂ ಜಿಪ್ಪು ಎಳೆದು ಗಾಳಿಗೆ ಬಿಟ್ಟಳು. ಒಂದೊಂದು ಟೆಂಟಿನ ಬಾಯಿ ತೆರೆದಾಗಲೂ ಒಳಗೆ ಯಾರೋ ಇದ್ದಾರೆಂಬಂತೆ "ಬರ್ಲಾ?" ಎಂದು ಕೇಳುವುದು ರೂಢಿಯಾಗಿಬಿಟ್ಟಿತ್ತು.

ಈಗ ಮತ್ತೆ ತೆರೆಯಲು ಅಪ್ಪಣೆ ಬಂದಿತ್ತು. ಗೇಟಿನಿಂದ ಆಫೀಸಿನವರೆಗೆ ಆರಡಿಗೊಂದರಂತೆ ಸುಣ್ಣದ ವೃತ್ತ ಬರೆದವಳು ಅವಳೇ. ಆರಡಿಯ ಕೋಲೊಂದನ್ನು ಕಡಿದು ಅಳತೆಗೆ ಇಟ್ಟುಕೊಂಡಿದ್ದಳು. ಅಂತರ ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ತಟ್ಟೆಯನ್ನು ಅಡುಗೆಮನೆಯ ಹೊರಗಿನ ಕಲ್ಲಿನ ಮೇಲಿಟ್ಟು, ಇಟ್ಟವರು ಹಿಂದೆ ಸರಿದ ಮೇಲೆ ಅವಳು ಹೋಗಿ ತೆಗೆದುಕೊಳ್ಳುವುದು ಹದಿನೆಂಟು ವರ್ಷದ ಪದ್ಧತಿ.

ಮಧ್ಯಾಹ್ನ ತಪಾಸಣೆಯ ಅಧಿಕಾರಿ ಬಂದ. ಜೀಪಿನ ಸದ್ದು ಕೇಳುತ್ತಲೇ ಮ್ಯಾನೇಜರು ಓಡಿ ಬಂದು, "ಏಯ್, ಪಂಪ್‌ಹೌಸಿನ ಹಿಂದಕ್ ಹೋಗು. ನಿನ್ ಅವತಾರ ನೋಡಿದ್ರೆ ಇರೋ ಪರ್ಮಿಶನ್ನೂ ಹೋಗತ್ತೆ" ಎಂದ.

ಪಂಪ್‌ಹೌಸಿನ ಸಂದಿಯಿಂದ ಅವಳು ನೋಡಿದಳು. ಕಕ್ಕಸಿನ ಮುಂದೆ ಅಡುಗೆಯವನನ್ನು ನಿಲ್ಲಿಸಿದ್ದರು. ಅವನ ಕೈಗೆ ನೀಲಿ ಗ್ಲೌಸು, ಮುಖಕ್ಕೆ ಪ್ಲಾಸ್ಟಿಕ್ಕಿನ ಗುರಾಣಿ, ಕಾಲಿಗೆ ಬೂಟು. ಆ ಗ್ಲೌಸಿನ ಡಬ್ಬಿ ಹದಿನೈದು ದಿನದಿಂದ ಆಫೀಸಿನ ಮೇಜಿನ ಮೇಲಿತ್ತು. ಕೇಳಿದ್ದಕ್ಕೆ "ತೋರ್ಸೋಕ್ ಬೇಕು, ಮುಟ್ಬೇಡ" ಎಂದಿದ್ದರು. ಐದು ದಿನದ ಹಿಂದೆ ಕ್ಯಾಂಪಿನ ಧಣಿಯ ಅಳಿಯ ಸ್ನೇಹಿತರೊಡನೆ ಬಂದು, ಕೆಮ್ಮುತ್ತಲೇ ಎರಡು ದಿನ ತಂಗಿ ಹೋದಾಗ ಅವನು ವಾಂತಿ ಮಾಡಿದ್ದನ್ನು ಅವಳು ಬಾಚಿದ್ದು ಬರಿಗೈಯಲ್ಲಿ.

"ಕ್ಲೀನ್ ಮಾಡೋನು ಇವ್ನೇನಾ?" ಅಧಿಕಾರಿ ಕೇಳಿದ.

"ಇವ್ನೇ ಸಾರ್. ಟ್ರೇನಿಂಗ್ ಕೊಟ್ಟಿದೀವಿ."

ಅಧಿಕಾರಿ ಪಿಸ್ತೂಲಿನಂಥ ಯಂತ್ರವನ್ನು ಒಬ್ಬೊಬ್ಬರ ಹಣೆಗೂ ಹಿಡಿದ. ಅದು ಕುಂಯ್ ಎಂದಿತು. "ಎಲ್ರೂ ಆದ್ರಾ?"

"ಇಷ್ಟೇ ಜನ ಸಾರ್."

ಫೋಟೋ ಹೊಡೆದರು. ಅಡುಗೆಯವನು ಬ್ರಶ್ಶನ್ನು ಸೌಟು ಹಿಡಿದಂತೆ ಹಿಡಿದಿದ್ದ. ಬಕೆಟ್ಟಮ್ಮನಿಗೆ ನಗು ಬಂತು. ನಗಲು ಹೋದರೆ ಉಸಿರು ಸಿಕ್ಕಿಕೊಂಡಿತು. ಗೋಡೆ ಹಿಡಿದು ಕೂತಳು.

ಸಂಜೆ ತಾನು ಮಲಗುವ ಗೋಡೌನಿನಲ್ಲಿ ಫಿನಾಯಿಲ್ ಕ್ಯಾನುಗಳ ನಡುವೆ ಒಲೆ ಹಚ್ಚಿ ಗಂಜಿಗಿಟ್ಟು, ಪಕ್ಕದಲ್ಲೇ ಗೋಡೆಗೊರಗಿದ್ದಳು. ಹೊರಗೆ ಅಡುಗೆಯವನು ಕೂಗಿದ.

"ಅಕ್ಕಾ! ಅಕ್ಕೋ! ಏನ್ ಸುಡ್ತಿದೀಯಾ? ಕೆರೆ ದಂಡೆಯೆಲ್ಲ ಸೀದ ವಾಸನೆ!"

ನೋಡಿದಳು. ಪಾತ್ರೆಯ ತಳ ಕರಕಲಾಗಿ ಹೊಗೆ ತುಂಬಿತ್ತು. ಮೊಳದೂರದಲ್ಲಿ ಕೂತಿದ್ದ ಅವಳಿಗೆ ಗೊತ್ತಾಗಿರಲಿಲ್ಲ. ಫಿನಾಯಿಲ್ ಕ್ಯಾನಿನ ಮುಚ್ಚಳ ತೆಗೆದು ಮೂಗಿಟ್ಟಳು. ನೀರು. ಬ್ಲೀಚಿಂಗ್ ಚೀಲದೊಳಗೆ ಮುಖವನ್ನೇ ಹುದುಗಿಸಿದಳು. ಕಣ್ಣು ಉರಿಯಿತು, ಗಂಟಲು ಕಟ್ಟಿತು, ವಾಸನೆ ಮಾತ್ರ ಇಲ್ಲ.

ಪುಡಿ ಸತ್ತಿರಲಿಲ್ಲ, ಸತ್ತದ್ದು ಮೂಗು. ಮ್ಯಾನೇಜರು ಜೀವಮಾನದಲ್ಲಿ ಒಂದೇ ಒಂದು ನಿಜ ಹೇಳಿದ್ದ, ಅದೂ ಬೈಗುಳದಲ್ಲಿ.

"ಅಣ್ಣಾ, ನೀನು ಅಲ್ಲೇ ಇರು, ಹತ್ರ ಬರ್ಬೇಡ," ಎಂದಳು ಬಾಗಿಲಿನಿಂದ. "ನಂಗ್ ಬಂದೈತೆ ಅಂತ ಕಾಣತ್ತೆ."

ಅಡುಗೆಯವನು ನಿಂತಲ್ಲೇ ನಿಂತ. ಜೇಬಿನಿಂದ ಫೋನು ತೆಗೆದ. ಆಮೇಲೆ, "ಆಸ್ಪತ್ರೆ ಗಾಡೀಗ್ ಫೋನ್ ಹಾಕ್ತೀನಿ ಅಕ್ಕ. ನೀನ್ ಹೋಗಿ ಮ್ಯಾನೇಜರಿಗ್ ಒಂದ್ ಮಾತ್ ಹೇಳು" ಎಂದ.

ಆಫೀಸಿನ ಮುಂದಿನ ವೃತ್ತದಲ್ಲಿ ನಿಂತು ಹೇಳಿದಳು. ಮ್ಯಾನೇಜರು ಕುರ್ಚಿ ಸಮೇತ ಹಿಂದಕ್ಕೆ ಸರಿದ.

"ಯಾರ್ಗಾದ್ರೂ ಹೇಳ್ದ್ಯಾ?"

"ನಿಮಗೇ ಹೇಳ್ತಿದೀನಿ ಸಾರ್. ಉಸ್ರು ಮೇಲಕ್ ಬರ್ತಿಲ್ಲ. ಗಾಡಿ ಕರ್ಸಿ."

"ಗಾಡಿ ಬಂದ್ರೆ ಕ್ಯಾಂಪ್ ಸೀಲ್ ಆಗತ್ತೆ, ಗೊತ್ತಾ? ನಾಳೆ ಇಪ್ಪತ್ ಟೆಂಟೂ ಬುಕ್ಕು. ನಿನ್ನೊಬ್ಬಳ ಮೂಗಿಗೋಸ್ಕರ ಎಲ್ಲರ ಹೊಟ್ಟೆ ಮೇಲ್ ಹೊಡೀತೀಯಾ? ನೋಡು, ಗೋಡೌನ್ ಬಿಟ್ಟು ಆಚೆ ಬರ್ಬೇಡ. ಬೆಳಗ್ಗೆ ಅವ್ರೆಲ್ಲ ಏಳೋಕ್ ಮುಂಚೆ ಕಕ್ಕಸ್ ತೊಳ್ದು ಒಳಗ್ ಸೇರ್ಕೋ. ಯಾರ್ ಕಣ್ಣಿಗೂ ಬೀಳ್ಬೇಡ."

"ನಾನ್ ತೊಳ್ದ ಕಡೆ ಮಕ್ಳು ಕೂರಲ್ವಾ ಸಾರ್?"

"ನಡಿ ನಡಿ, ದೊಡ್ಡ ಡಾಕ್ಟ್ರು ನೀನು!"

ಅವಳು ಬೆನ್ನು ತಿರುಗಿಸುತ್ತಲೇ ಅವನು ಹೊರಬಂದು ಅವಳು ನಿಂತಿದ್ದ ವೃತ್ತಕ್ಕೆ ಸ್ಯಾನಿಟೈಸರ್ ಚಿಮುಕಿಸಿದ.

ಕತ್ತಲಾಗುವ ಮುಂಚೆ ಗೇಟಿನ ಕಡೆ ಸೈರನ್ ಕೇಳಿಸಿತು. ಅವಳು ಸೆರಗು ಬಿಗಿದು, ಒಂದು ಸೀರೆ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಳು. ಗೋಡೌನಿನಿಂದ ಗೇಟಿಗೆ ಬಹಳ ದೂರ, ಎರಡು ಹೆಜ್ಜೆಗೊಮ್ಮೆ ನಿಲ್ಲಬೇಕಾಯಿತು. ಅರ್ಧ ದಾರಿಯಲ್ಲಿರುವಾಗ ಮ್ಯಾನೇಜರನ ದನಿ ಕೇಳಿತು: "ಯಾರೋ ಕುಡ್ದು ಫೋನ್ ಮಾಡಿದಾನೆ ಸಾರ್. ಇಲ್ಲಿ ಎಲ್ಲಾ ಚೆನ್ನಾಗಿದೀವಿ. ಬೇಕಾದ್ರೆ ಫೋಟೋ ನೋಡಿ." ಗಾಡಿ ತಿರುಗಿತು. ಗೇಟಿನ ಕಾವಲುಗಾರ, ದೊಡ್ಡ ಮೀಸೆಯವನು, ಅವಳನ್ನು ಕಂಡೂ ಕಾಣದವನಂತೆ ಗೇಟು ಮುಚ್ಚಿ ಹಗ್ಗ ಕಟ್ಟಿದ.

ಆಮೇಲೆ ಮಗಳ ಫೋನು ಬಂತು. ದಿನವೂ ಆ ಹೊತ್ತಿಗೇ ಬರುತ್ತಿತ್ತು.

"ಯಾಕಮ್ಮಾ, ದನಿ ಹಂಗಿದೆ?"

"ಟೆಂಟ್ ಕೊಡವಿದ್ನಲ್ಲ, ಧೂಳು."

"ಬರ್ತೀಯಾ ಅಂತ ಕೇಳೋಕೂ ಆಗಲ್ಲಮ್ಮ. ಆ ಯಜಮಾನ ಬಾಗಿಲಲ್ಲೇ ಕೂತಿರ್ತಾನೆ. ಪಾಪು ಬೇರೆ..."

"ನಾನೆಲ್ ಬರ್ತೀನಿ ಅಂದೆ? ನಾಳೆ ಇಲ್ಲಿ ಓಪನಿಂಗು. ನಾನಿಲ್ದೆ ಗೇಟೇ ತೆರೆಯಲ್ಲ," ಎಂದಳು. "ಪಾಪು ತಲೆಗ್ ಎಣ್ಣೆ ಹಾಕ್ತಿದೀಯಾ? ಆ ವಾಸನೆ ಒಂದ್ ಸಲ..." ಅಲ್ಲಿಗೆ ನಿಲ್ಲಿಸಿದಳು. ಮಗಳು "ಏನಮ್ಮ?" ಎಂದಳು. "ಏನಿಲ್ಲ, ಇಡು" ಎಂದಳು.

ಬೆಳಿಗ್ಗೆ ಅವಳು ಕಕ್ಕಸು ತೊಳೆಯಲಿಲ್ಲ. ಬಕೆಟ್ಟು ಮತ್ತು ಆರಡಿ ಕೋಲು ಹಿಡಿದು, ಕೂತು ಕೂತು, ಗೇಟಿನವರೆಗೆ ನಡೆದಳು. ಹಗ್ಗಕ್ಕೆ ಇನ್ನೆರಡು ಗಂಟು ಬಿಗಿದಳು. ಒಂದನೇ ವೃತ್ತದಲ್ಲಿ ಬಕೆಟ್ಟು ಬೋರಲು ಹಾಕಿ, ಮಾಸ್ಕು ಸರಿಮಾಡಿಕೊಂಡು ಕೂತುಬಿಟ್ಟಳು. ಕೋಲು ತೊಡೆಯ ಮೇಲೆ ಅಡ್ಡ. ರಾತ್ರೋರಾತ್ರಿ ತಲೆಯ ಮೇಲೆ ಕಟ್ಟಿಸಿದ್ದ ಬೋರ್ಡಿನ ಫೋಟೋದಲ್ಲಿ ಗ್ಲೌಸು ತೊಟ್ಟ ಅಡುಗೆಯವನು ಬ್ರಶ್ಶು ಹಿಡಿದು ನಿಂತಿದ್ದ.

ಮೊದಲ ಕಾರು ಬಂತು, ಅದರ ಹಿಂದೆ ಇನ್ನೊಂದು. ಹಾರ್ನು ಹೊಡೆದರು. ಕಾರಿನ ಕಿಟಕಿ ಇಳಿಸಿ ಒಬ್ಬ ಹೆಂಗಸು, "ಯಾರಮ್ಮ ನೀನು? ಗೇಟ್ ತೆಗೀತೀಯಾ?" ಎಂದಳು.

"ಕಕ್ಕಸು ತೊಳೆಯೋಳು ಕಣವ್ವ. ನಂಗ್ ಕಾಯ್ಲೆ ಬಂದೈತೆ. ನಿನ್ನೆ ಗಾಡಿ ಬಂದಿತ್ತು, ವಾಪಸ್ ಕಳ್ಸಿದ್ರು. ನೀವು ಒಳಗ್ ಬರ್ಬೇಡಿ, ಮಕ್ಳಿದಾವೆ. ಆಸ್ಪತ್ರೆಗ್ ಒಂದ್ ಫೋನ್ ಮಾಡ್ಕೊಡಿ, ಸಾಕು."

ಕಿಟಕಿ ಸರ್ರನೆ ಮೇಲೇರಿತು.

ಮ್ಯಾನೇಜರು ಒಳಗಿನಿಂದ ಓಡಿ ಬಂದ. "ಏಳೇ! ಏಳೇ ಮೇಲೆ, ಹಾಳ್ ಮುಂಡೆ! ಏಯ್ ಮೀಸೆ, ಎಳ್ದು ಆಚೆ ಹಾಕೋ ಇವ್ಳನ್ನ!"

ಮೀಸೆಯವನು ಎರಡು ಹೆಜ್ಜೆ ಇಟ್ಟು ನಿಂತ. ತನ್ನ ಬರಿಗೈಗಳನ್ನೊಮ್ಮೆ ನೋಡಿಕೊಂಡ.

"ನೀವೇ ಎಳೀರಿ ಸಾರ್," ಎಂದ. "ಗ್ಲೌಸು ನಿಮ್ಮ ಮೇಜಿನ ಮೇಲೇ ಅಲ್ವಾ ಇರೋದು?"

ಮ್ಯಾನೇಜರು ಅವಳ ಕಡೆ ನುಗ್ಗಿದ. ಸುಣ್ಣದ ಗೆರೆಯ ಹತ್ತಿರ ಬರುತ್ತಲೇ ಅವನ ಕಾಲು ತಾನಾಗಿ ನಿಂತಿತು.

"ಬನ್ನಿ ಸಾರ್," ಎಂದಳು ಬಕೆಟ್ಟಮ್ಮ. "ಹದಿನೆಂಟ್ ವರ್ಷದಲ್ಲಿ ಒಂದ್ ಸಲಾನಾದ್ರೂ ಹತ್ರ ಬನ್ನಿ. ಗಾಡಿ ಬರೋವರ್ಗೂ ನಾನ್ ಏಳಲ್ಲ."

ಅವನು ಹಿಂದೆ ಓಡಿದ. ಬಂದಾಗ ಬೆನ್ನ ಮೇಲೆ ಸ್ಪ್ರೇ ಡಬ್ಬಿಯಿತ್ತು. ಆರಡಿ ದೂರದಲ್ಲಿ ನಿಂತು ಹಿಡಿಕೆ ಒತ್ತಿದ. ಮೊದಲ ಚಿಮ್ಮು ಅವಳ ಕಾಲಿಗೆ ಬಡಿಯಿತು, ಎರಡನೆಯದು ಎದೆಗೆ, ಮೂರನೆಯದು ಮುಖಕ್ಕೆ. ಮೀಸೆಯವನು "ಬೇಡ ಸಾರ್, ಸಾರ್, ಬೇಡ" ಎನ್ನುತ್ತಾ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಕಾರುಗಳ ಕಿಟಕಿಗಳೆಲ್ಲ ಮುಚ್ಚಿದ್ದವು. ಗಾಜಿನ ಹಿಂದೆ ಆ ಹೆಂಗಸು ಫೋನು ಎತ್ತಿ ಹಿಡಿದಿದ್ದಳು. ಆಸ್ಪತ್ರೆಗೆ ಮಾಡುತ್ತಿದ್ದಾಳೋ ಫೋಟೋ ಹಿಡಿಯುತ್ತಿದ್ದಾಳೋ ಬಕೆಟ್ಟಮ್ಮನಿಗೆ ತಿಳಿಯಲಿಲ್ಲ, ಅಷ್ಟರಲ್ಲಿ ಕಣ್ಣು ಮುಚ್ಚಿಹೋಯಿತು.

ಬಿಳಿ ನೀರು ತಲೆಯಿಂದ ತೊಟ್ಟಿಕ್ಕುತ್ತಿತ್ತು, ಚರ್ಮ ಬೆಂಕಿ ಹಚ್ಚಿದಂತೆ ಉರಿಯುತ್ತಿತ್ತು. ಕಲಸಿದವಳು ಅವಳೇ, ಮೂರು ಹಿಡಿ ಹೆಚ್ಚು ಹಾಕಿ. ಅವಳು ಎರಡೂ ಕೈಯಿಂದ ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡು ಉದ್ದಕ್ಕೆ ಉಸಿರೆಳೆದಳು. ಯಾವ ವಾಸನೆಯೂ ಬರಲಿಲ್ಲ. ಅವಳು ಏಳಲಿಲ್ಲ.