ಹದಿನೈದು ವಿಂತ್

ನನ್ನ ಗಂಡ ಎಷಿಮ್‌ಗೆ ಬುದ್ಧಿ ಇಲ್ಲ ಎಂದು ನಾನು ಇಪ್ಪತ್ತೊಂಬತ್ತು ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ. ಆ ಮಂಗಳವಾರ ಮಾತ್ರ ತಪ್ಪು ಅವನೊಬ್ಬನದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬಾಯಿ ಬಿಡಿಸುವುದು ಬೇಡ.

ಕರಾಕೋಲ್ ಊರಿನ ನಮ್ಮ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್, ಅದರೊಳಗೆ ಎರಡು ಸಂಸಾರ. ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತವೆ. ಮೇಲಿನದು ನನ್ನ ಲಿನಕ್ಸ್, ಕೆಳಗಿನದು ಅವನ ವಿಂಡೋಸ್. ಹತ್ತು ಸೆಕೆಂಡಿನೊಳಗೆ ಯಾರ ಕೈ ಮುಂದಾಗುತ್ತದೋ ಆ ಹೊತ್ತು ಅವರದು. ಎಷಿಮ್ ಮೂವತ್ತು ವರ್ಷ ಲಾರಿ ಓಡಿಸಿ ಬೆನ್ನು ಹಾಳುಮಾಡಿಕೊಂಡ, ಈಗ ತನ್ನ ಕಡೆ ಕೂತು ಆಟದ ಟ್ಯಾಂಕ್ ಓಡಿಸುತ್ತಾನೆ. ನನ್ನ ಕಡೆ ಇದ್ದದ್ದು ನಮ್ಮತ್ತೆಯ ನಲವತ್ತೊಂದು ಶಿರ್ದಾಕ್‌ಗಳ ವಿನ್ಯಾಸ.

ಕೆಂಪು ಉಣ್ಣೆಹಾಸಿನ ಮೇಲೆ ಕಪ್ಪು ಉಣ್ಣೆಹಾಸು ಇಟ್ಟು, ಒಂದೇ ಚಾಕುವಿನಲ್ಲಿ ಎರಡನ್ನೂ ಕತ್ತರಿಸಿ, ಇದರ ತುಂಡನ್ನು ಅದರ ತೂತಿಗೆ, ಅದರದ್ದನ್ನು ಇದಕ್ಕೆ ಕೂರಿಸಿ ಹೊಲಿದರೆ ಶಿರ್ದಾಕ್. ಅತ್ತೆಯ ಕೈಯಲ್ಲಿ ಟಗರಿನ ಕೊಂಬು, ಹಕ್ಕಿಯ ಕಾಲು, ನೀರಿನ ಸುಳಿ ಎಲ್ಲ ಲೆಕ್ಕವಿಲ್ಲದೆ ಬರುತ್ತಿದ್ದವು. ಅವರು ತೀರಿಕೊಂಡ ಮೇಲೆ ಎಷಿಮ್‌ನ ಅಕ್ಕ ಉಮ್ಸುನ್ ಅಷ್ಟನ್ನೂ ಕೊಂಡೊಯ್ದು ಒಂದೊಂದಾಗಿ ಪ್ರವಾಸಿಗಳಿಗೆ ಮಾರಿದಳು. ಮಾರುವ ಮುಂಚೆ ಫೋಟೋ ತೆಗೆದುಕೊಳ್ಳಲು ನಾನು ಅವಳ ಬಾಗಿಲಿಗೆ ಅಲೆದದ್ದು ಅಷ್ಟಿಷ್ಟಲ್ಲ. ಕೊನೆಯದು ಹೋದ ದಿನ ಅವಳ ಮುಖದ ಮೇಲೆ ಹೇಳಬಾರದ್ದೆಲ್ಲ ಹೇಳಿ ಬಂದೆ. ಅಲ್ಲಿಂದ ಮಾತಿಲ್ಲ, ನಾಲ್ಕು ವರ್ಷವಾಯಿತು. ಆ ಫೋಟೋಗಳ ಮೇಲೆ ಗೆರೆ ಎಳೆಯುತ್ತ, ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡುತ್ತ, ನಾಲ್ಕು ಚಳಿಗಾಲ ಕಳೆದೆ. ಫೋಟೋಗಳೂ ಅದರೊಳಗೇ, ಕಾಗದಕ್ಕೆ ಒಂದನ್ನೂ ಇಳಿಸಲಿಲ್ಲ. ಕಂಪ್ಯೂಟರಿನಲ್ಲಿದೆಯಲ್ಲ, ಎಲ್ಲಿಗೆ ಹೋಗುತ್ತದೆ ಅಂದುಕೊಂಡಿದ್ದೆ.

ಭಾನುವಾರ ಕಂಪ್ಯೂಟರಿನ ಡಬ್ಬದೊಳಗಿಂದ ಕಟಕಟ ಸದ್ದು ಶುರುವಾಯಿತು. ಬುಧವಾರ ಬೆಳಿಗ್ಗೆ ಮೊದಲನೆಯ ಶಿರ್ದಾಕ್ ಕತ್ತರಿಸಲು ಐದು ಜನ ಹೆಂಗಸರು ಬರುವವರಿದ್ದರು, ವಾರ ಕಳೆದರೆ ಅವರೆಲ್ಲ ಕುರಿ ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೋಗಿಬಿಡುತ್ತಾರೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಷಿಮ್‌ನ ಚಿಕ್ಕಪ್ಪನ ಮಗ ಮೆಲಿಸ್‌ಗೆ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಆ ಮಹಾರಾಯ ಆಗಲೇ ಬೆಟ್ಟ ಹತ್ತಿಯಾಗಿತ್ತು. ಫೋನು ಸಿಗುವುದು ಅಲ್ಲೊಂದು ದಿಬ್ಬದ ಮೇಲೆ ಮಾತ್ರ.

"ವಿಂತ್ ಸಾಯ್ತಾ ಇದೆ ಅತ್ತಿಗೆ," ಎಂದ ಮೆಲಿಸ್. ಹಿಂದೆ ಕುದುರೆ ಕೆನೆಯುತ್ತಿತ್ತು. "ಅಂಗಡಿಯಿಂದ ಹೊಸದು ತರಿಸಿಕೊಳ್ಳಿ, ಪಕ್ಕದಲ್ಲೇ ಸಿಕ್ಕಿಸಿ ನಕಲು ಮಾಡಿ. ಎಲ್ಲ ಒಂದೇ ಸಲ ಎಳೀಬೇಡಿ, ಬಿಸಿಯಾಗಿ ಉಸಿರು ಬಿಟ್ಟುಬಿಡುತ್ತೆ. ಒಂದು ಕಡೆಯದು ಮೊದಲು, ಇನ್ನೊಂದು ಕಡೆಯದು ಆಮೇಲೆ. ಬೇಕಾದ್ದನ್ನ ಮೊದಲು ಮಾಡ್ಕೊಳ್ಳಿ. ಮುಗಿದ ತಕ್ಷಣ ಹಳೆ ವಿಂತ್ ಬಿಚ್ಚಿಡಿ, ಎರಡೂ ಒಳಗಿದ್ರೆ ಯಾವುದು ಎದ್ದಿತು ಅಂತ ಗೊತ್ತಾಗಲ್ಲ. ಹಳೇದನ್ನ ಬಿಸಾಡಬೇಡಿ."

ಕಂಪ್ಯೂಟರಿನವರ ಬಾಯಲ್ಲಿ ವಿಂತ್ ಎಂದರೆ ಹಾರ್ಡ್ ಡಿಸ್ಕ್. ಮಿಕ್ಕವರ ಬಾಯಲ್ಲಿ ಏನು ಎಂದು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಹೊಸ ಡಿಸ್ಕ್ ಸಿಕ್ಕಿಸಿ, ಮೆಲಿಸ್ ಹೇಳಿದ ನಕಲಿನ ಪ್ರೋಗ್ರಾಮ್ ತೆರೆದೆ. ಎಷಿಮ್ ಚಹಾದ ಬಟ್ಟಲು ಹಿಡಿದು ನನ್ನ ಬೆನ್ನ ಹಿಂದೆ ನಿಂತ.

"ನಂದು ಮೊದಲು ಮಾಡಲ್ಲ ಅಲ್ವಾ ನೀನು," ಎಂದ.

"ನಿನ್ನ ಟ್ಯಾಂಕ್ ಇಲ್ದಿದ್ರೆ ದೇಶ ಮುಳುಗಲ್ಲ."

"ಹೌದು ಬಿಡು. ಈ ಮನೇಲಿ ನಂದು ಯಾವಾಗ್ಲೂ ಕೆಳಗಿನ ಸಾಲೇ."

ದಿನವಿಡೀ ಇದೇ ರಾಗ ಕೇಳಬೇಕಲ್ಲ ಎಂದು ಮೈ ಉರಿಯಿತು. ಹಾಳಾಗಿ ಹೋಗಲಿ ಎಂದು ಅವನದನ್ನೇ ಮೊದಲು ಹಾಕಿದೆ. ಅದು ಮುಗಿದ ಕೂಡಲೇ ನನ್ನದು ಶುರುವಾಗಲಿ ಎಂದು ಸರತಿಯಲ್ಲಿ ಇಟ್ಟೆ. ಅಷ್ಟರಲ್ಲಿ ಹಾಸು ತಯಾರಿಸುವ ಉಣ್ಣೆಮನೆಯ ಒಡತಿ ಅಸಿಲ್ಕಾನ್ ಫೋನು ಮಾಡಿದಳು, ನೀರು ಕುದಿಯುತ್ತಿದೆ, ಹಾಸು ಉರುಳಿಸಲು ಕೈ ಸಾಲದು, ಈಗಲೇ ಬಾ ಎಂದು.

"ಏನೂ ಮುಟ್ಟಬೇಡ, ನೂರು ಅಂತ ತೋರಿಸಿದಾಗ ಫೋನ್ ಮಾಡು," ಎಂದು ಎಷಿಮ್‌ಗೆ ಹೇಳಿ ಓಡಿದೆ.

ಅವನು ಫೋನು ಮಾಡಿದಾಗ ನನ್ನ ಎರಡೂ ಕೈ ಮೊಣಕೈವರೆಗೆ ಬಿಸಿನೀರು ಸೋಪಿನಲ್ಲಿದ್ದವು. ಅಸಿಲ್ಕಾನ್ ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದಳು.

"ನೂರಾಯ್ತು ಮುದುಕಿ. ಆದ್ರೆ ಕೆಳಗೆ ಇನ್ನೇನೋ ಕೇಳ್ತಾ ಇದೆ. ಹೌದು ಅನ್ನಲಾ, ಬೇಡ ಅನ್ನಲಾ?"

ಬೆಳಗಿನಿಂದ ಐದು ಗಂಟೆ ಕಳೆದಿತ್ತು. ಎರಡೂ ಮುಗಿದಿರಬೇಕು ಎಂದುಕೊಂಡೆ. ಏನು ಕೇಳುತ್ತಿದೆ, ಓದಿ ಹೇಳು ಎನ್ನಬೇಕಿತ್ತು. ಅಷ್ಟು ತಾಳ್ಮೆ ಇದ್ದಿದ್ದರೆ ನಾನು ಜಿಪಾರ್ ಎಂಬವಳು ಹೇಗಾಗುತ್ತಿದ್ದೆ.

"ಏನೂ ಅನ್ನಬೇಡ. ಆರಿಸು. ಹಳೆ ವಿಂತ್ ಬಿಚ್ಚಿ ಜೋಪಾನವಾಗಿ ಎತ್ತಿಡು. ಕಳೆದುಹೋದ್ರೆ ನಿನ್ನ ಸುಮ್ಮನೆ ಬಿಡಲ್ಲ."

"ಅಷ್ಟೇ ತಾನೇ," ಎಂದ.

ಸಂಜೆ ಬಿಸಿಲಿರುವಾಗಲೇ ಮನೆಗೆ ಬಂದೆ. ಎಷಿಮ್ ಟ್ಯಾಂಕುಗಳ ನಡುವೆ ಇದ್ದ. "ಈಗ ಎಷ್ಟು ಬೇಗ ಬರುತ್ತೆ ಗೊತ್ತಾ," ಎಂದ. "ಆ ಎರಡು ಸಾಲು ಕಾಯೋದೇ ಬೇಡ." ನಾನು ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದೆ. ಸಾಲು ಬರಲಿಲ್ಲ, ನೇರ ಅವನ ಟ್ಯಾಂಕುಗಳೇ ಬಂದವು. ನನ್ನ ಕಡೆಯದು ಹೊಸದಕ್ಕೆ ಬಂದೇ ಇಲ್ಲ. ಆದರೂ ಹಳೆಯದು ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ.

"ಹಳೆ ವಿಂತ್ ಕೊಡು."

ಅವನು ಎದ್ದು ಹೋಗಿ ಚಹಾದ ಡಬ್ಬಿ ತಂದು ನನ್ನ ಮುಂದಿಟ್ಟ. ಅಲ್ಲಾಡಿಸಿದರೆ ಝಲಝಲ ಎಂದಿತು. ಮುಚ್ಚಳ ತೆಗೆದೆ. ಒಳಗೆ ತಿರುಪು ಮೊಳೆಗಳು, ದೊಡ್ಡವು ಒಂದು ಕಾಗದದಲ್ಲಿ, ಚಿಕ್ಕವು ಇನ್ನೊಂದು ಕಾಗದದಲ್ಲಿ.

"ಹದಿನೈದು ವಿಂತ್," ಎಂದ. "ಎಣಿಸ್ಕೋ, ಒಂದೂ ಕಳೆದಿಲ್ಲ."

ಮೂವತ್ತು ವರ್ಷ ಲಾರಿಯ ಕೆಳಗೆ ಮಲಗಿ ಬಿಚ್ಚಿದವನಿಗೆ ವಿಂತ್ ಎಂದರೆ ತಿರುಪು ಮೊಳೆ. ಬೇರೆ ಇನ್ನೇನಿರಲು ಸಾಧ್ಯ.

"ಆ ಕಪ್ಪು ಪೆಟ್ಟಿಗೆ ಎಲ್ಲಿ? ಮೊಳೆ ಹಾಕಿ ಕೂರಿಸಿದ್ದು?"

"ಓ, ಅದಾ. ಕಣ್ಣು ಮುಚ್ಚಿ ಕೈ ಚಾಚು."

ಮುಚ್ಚಲಿಲ್ಲ. ಅವನು ನನ್ನ ಅಂಗೈಯಲ್ಲಿ ಒಂದು ಬಾಗಿದ ಬಿಳಿ ಲೋಹದ ತುಂಡು ಇಟ್ಟ. ಮೇಜಿನ ಮೇಲಿದ್ದ ಸೂಜಿ ತಾನಾಗಿ ಎಗರಿ ಬಂದು ಅದಕ್ಕೆ ಅಂಟಿಕೊಂಡಿತು.

"ಅಯಸ್ಕಾಂತ. ಇಂಥ ಹಳೆ ಪೆಟ್ಟಿಗೆ ಒಳಗೆ ಇರುತ್ತೆ ಅಂತ ಗ್ಯಾರೇಜಿನವರು ಹೇಳ್ತಿದ್ರು. ಹೋದ ಚಳಿಗಾಲ ಹಾಸಲ್ಲಿ ಬಿದ್ದ ಸೂಜಿ ನಿನ್ನ ಹಿಮ್ಮಡಿಗೆ ಚುಚ್ಚಿತ್ತಲ್ಲ, ಇನ್ನು ಮೇಲೆ ಹಾಸಿನ ಮೇಲೆ ಇದನ್ನ ಹಿಡಿದು ಓಡಾಡಿದ್ರೆ ಸಾಕು."

"ಮಿಕ್ಕಿದ್ದು?"

ಅವನು ಕಿಟಕಿಯ ಕಡೆ ತೋರಿಸಿದ. ಚೆರ್ರಿ ಗಿಡದಲ್ಲಿ ಡಿಸ್ಕಿನ ಹೊಟ್ಟೆಯೊಳಗಿನ, ಕನ್ನಡಿಯಂಥ ಎರಡು ಬಿಲ್ಲೆಗಳು ದಾರದಲ್ಲಿ ತಿರುಗುತ್ತ ಹೊಳೆಯುತ್ತಿದ್ದವು. "ಒಂದು ಹಕ್ಕಿನೂ ಹಣ್ಣಿನ ಹತ್ರ ಬರ್ತಿಲ್ಲ," ಎಂದ. ಅತ್ತೆಯ ನಲವತ್ತೊಂದು ಶಿರ್ದಾಕ್‌ಗಳು ಗಾಳಿಗೆ ತೂಗುತ್ತಿದ್ದವು.

ಮೆಲಿಸ್ ದಿಬ್ಬ ಹತ್ತಿ ಫೋನು ತೆಗೆಯುವ ತನಕ ನಾನು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಶತಪಥ ಹಾಕಿದೆ. ಅವನು ಹೇಳಿದ ಕಡೆ ಒತ್ತಿ ಒತ್ತಿ ನೋಡಿದೆ. ಹೊಸ ಡಿಸ್ಕಿನ ಅರ್ಧ ಭಾಗ ಬರೀ ಖಾಲಿ. ಕೆಳಗೆ ಕೇಳುತ್ತಿದ್ದದ್ದು ನನ್ನ ಕಡೆಯದನ್ನು ಶುರುಮಾಡಲೇ ಎಂದು.

"ಬಿಲ್ಲೆ ಹೊರಗೆ ತೆಗೆದ್ರು ಅಂದ್ರೆ ಮುಗೀತು ಅತ್ತಿಗೆ. ನನ್ನ ಕೈಲೇನು, ಈ ಊರಲ್ಲಿ ಯಾರ ಕೈಲೂ ಆಗಲ್ಲ." ಕೊನೆಗೆ, "ಬೇಕಾದ್ದನ್ನ ಮೊದಲು ಮಾಡ್ಕೊಳ್ಳಿ ಅಂದಿದ್ದೆ," ಎಂದ. ನಾನು ಫೋನು ಇಟ್ಟೆ.

ಆಮೇಲೆ ಎಷಿಮ್‌ಗೆ ನಾನು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವನು ಏಣಿ ಹಾಕಿ ಬಿಲ್ಲೆಗಳನ್ನು ಇಳಿಸಿ, ಒರೆಸಿ, ಚಹಾದ ಡಬ್ಬಿಗೆ ಹಾಕಿ ತಂದಿಟ್ಟ. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು, ಅಳುವೂ ಬಂತು. ಅವನು ಅವತ್ತು ಮತ್ತೆ ಟ್ಯಾಂಕಿನ ಮುಂದೆ ಕೂರಲಿಲ್ಲ.

ಬೆಳಿಗ್ಗೆ ಉಣ್ಣೆಮನೆಗೆ ಹೊರಟರೆ ಕರೆಯದೆ ಹಿಂದೆಯೇ ಬಂದ. ನೆಲದ ಮೇಲೆ ಕೆಂಪಿನ ಮೇಲೆ ಕಪ್ಪು ಹಾಸಿ ಸಿದ್ಧವಾಗಿತ್ತು. ಐದು ಜನ ಹೆಂಗಸರು ಚಾಕು ಮಸೆದುಕೊಂಡು ಕೂತಿದ್ದರು. ನಾನು ಸೀಮೆಸುಣ್ಣ ಹಿಡಿದು ಮಂಡಿಯೂರಿದೆ. ನಾಲ್ಕು ವರ್ಷ ದಿನವೂ ನೋಡಿದ ಗೆರೆ, ಆದರೆ ಎಳೆದದ್ದು ಕೈಯಲ್ಲ, ಇಲಿಯಂಥ ಆ ಪ್ಲಾಸ್ಟಿಕ್ ತುಂಡು. ಎರಡು ಕೊಂಬು ಬರೆದೆ, ಒರೆಸಿದೆ. ಮತ್ತೆ ಬರೆದೆ, ಒರೆಸಿದೆ.

"ಇವತ್ತು ಕತ್ತರಿಸ್ತೀವೋ, ಇಲ್ಲ ನೆಲ ಒರೆಸ್ತೀವೋ?" ಎಂದಳು ಅಸಿಲ್ಕಾನ್.

ಎಷಿಮ್ ಬೂಟು ಕಳಚಿ, ಬೆನ್ನು ಹಿಡಿದುಕೊಂಡು ಹಾಸಿನ ಮೇಲೆ ಕೂತ. ನನ್ನ ಕೈಯಿಂದ ಸುಣ್ಣ ತೆಗೆದುಕೊಂಡ. ಗಂಡಸಿಗೆ ಇಲ್ಲೇನು ಕೆಲಸ ಎಂದು ಯಾರೋ ನಕ್ಕರು. ಅವನು ತಲೆ ಎತ್ತದೆ ಮೂಲೆಯಿಂದ ಶುರು ಮಾಡಿದ. ಒಂದು ಕೊಂಬು, ಅದರ ಹೊಟ್ಟೆಯೊಳಗೆ ಇನ್ನೊಂದು, ನಡುವೆ ಸುಳಿ. ಕೈ ಎಲ್ಲೂ ನಿಲ್ಲಲಿಲ್ಲ. ಮೊದಲನೆಯದೇ, ಇವತ್ತು ಕತ್ತರಿಸಬೇಕಾಗಿದ್ದ ವಿನ್ಯಾಸವೇ. ಕೊನೆಯ ಮೂಲೆಗೆ ಬಂದಾಗ ಒಂದು ಕೊಂಬನ್ನು ಮೊಟಕಾಗಿ ಸೊಟ್ಟಗೆ ತಿರುಗಿಸಿದ.

"ಅಲ್ಲಿ ತಪ್ಪಿದೆ," ಎಂದೆ. "ಫೋಟೋದಲ್ಲೂ ಹಂಗೇ ಇತ್ತು. ನಾನು ಸರಿಮಾಡಿದ್ದೆ."

"ಯಾಕೆ ಸರಿಮಾಡಿದೆ? ಅವ್ವ ಕತ್ತರಿಸೋವಾಗ ನಾನು ಆ ಮೂಲೇಲಿ ನಿದ್ದೆ ಹೋಗಿದ್ನಂತೆ. ಎಬ್ಬಿಸೋದು ಬೇಡ ಅಂತ ನನ್ನ ಪಕ್ಕದಿಂದ ಚಾಕು ತಿರುಗಿಸಿದ್ಲು. ದೊಡ್ಡವನಾದ ಮೇಲೂ ಅದರ ಮೇಲೇ ಮಲಗ್ತಿದ್ದೆ. ನಿದ್ದೆ ಬರೋ ತನಕ ಬೆರಳಲ್ಲಿ ಇದೇ ಗೆರೆ ಹಿಡಿದು ಓಡಾಡ್ತಿದ್ದೆ."

ಹೆಂಗಸರು ನಗು ನಿಲ್ಲಿಸಿದ್ದರು. ನಾಲ್ಕು ಚಳಿಗಾಲ ಕೂತು ನೆಟ್ಟಗೆ ಮಾಡಿದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಇವನನ್ನು ಒಂದು ಸಲವೂ ಕೇಳಿರಲಿಲ್ಲ. ನನಗೆ ಅತ್ತೆ, ಇವನಿಗೆ ಅವ್ವ.

"ಮೊಟಕು ಕೊಂಬು ಹಂಗೇ ಇರಲಿ, ಕತ್ತರಿಸಿ," ಎಂದೆ. ಚಾಕುಗಳು ಎರಡೂ ಹಾಸುಗಳೊಳಗೆ ಇಳಿದವು.

"ಇನ್ನೊಂದು ಬರಿ," ಎಂದೆ ಅವನಿಗೆ.

"ನಂಗೆ ಇದೊಂದೇ ಬರೋದು."

"ಮಿಕ್ಕ ನಲವತ್ತು?"

ಅವನು ಬೆರಳಿನ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. ನನ್ನ ಮುಖ ನೋಡಲಿಲ್ಲ.

"ಹಕ್ಕಿ ಕಾಲಿನ ಶಿರ್ದಾಕ್ ಮೇಲೆ ಅಕ್ಕ ಮಲಗ್ತಿದ್ಲು. ಮಿಕ್ಕಿದ್ದನ್ನೂ ಅವ್ವನ ಜೊತೆ ಕೂತು ಕತ್ತರಿಸಿದವಳು ಅವಳೇ."

ನಾನು ಎದ್ದು ಹೊರಗೆ ಹೋದೆ, ಒಳಗೆ ಬಂದೆ, ಮತ್ತೆ ಹೊರಗೆ ಹೋದೆ. ಉಮ್ಸುನ್‌ಳ ನಂಬರನ್ನು ನಾಲ್ಕು ವರ್ಷದ ಹಿಂದೆ ಅಳಿಸಿ ಹಾಕಿದ್ದೆ. ಬಾಗಿಲಿಗೆ ಬಂದು ನಿಂತು ಎಷಿಮ್‌ನನ್ನು ಕರೆದೆ.

"ನಿಮ್ಮಕ್ಕನ ನಂಬರ್ ಹೇಳು."

ಅವನು ಫೋನು ನೋಡದೆಯೇ ಬಾಯಿಪಾಠ ಹೇಳಿದ, ನಾನು ಒತ್ತಿದೆ. ಎರಡನೇ ಸಲ ಗಂಟೆ ಬಾರಿಸುವಾಗಲೇ ಅವಳು ಎತ್ತಿಕೊಂಡಳು.